ಚಂದ್ರನ ಮಣ್ಣಿಗೆ 2,104 ಕೋಟಿ: ಸರ್ಕಾರ ಈ ಖರ್ಚು ಮುಂದುವರಿಸಬೇಕಾ?

ಅರಳೀಕಟ್ಟೆ
2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಒಂದೇ ದಿನ ಒಪ್ಪಿಗೆ ಕೊಟ್ಟ ಪಟ್ಟಿ ನೋಡಿ. ಚಂದ್ರಯಾನ-4ಕ್ಕೆ 2,104 ಕೋಟಿ, ಶುಕ್ರಗ್ರಹದ ನೌಕೆಗೆ 1,236 ಕೋಟಿ, ಹೊಸ ಪೀಳಿಗೆಯ ರಾಕೆಟ್‌ಗೆ 8,240 ಕೋಟಿ. ಗಗನಯಾನದ ಒಟ್ಟು ಮೊತ್ತ 20,193 ಕೋಟಿಗೆ ಏರಿತು.

ಹವಾಮಾನ, ದೂರಸಂಪರ್ಕದ ಉಪಗ್ರಹಗಳ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಅನ್ವೇಷಣೆಯ ಬಗ್ಗೆ. ಅಪೊಲೊದವರು 1972ರೊಳಗೇ 382 ಕೆ.ಜಿ. ಕಲ್ಲು-ಮಣ್ಣು ಹೊತ್ತು ತಂದರು. ಚೀನಾ 2020ರಲ್ಲಿ 1,731 ಗ್ರಾಂ ತಂದಿತು, 2024ರಲ್ಲಿ ಚಂದ್ರನ ಹಿಂಬದಿಯಿಂದ ಇನ್ನೂ 1,935 ಗ್ರಾಂ. ಈಗ ನಾವು ಸುಮಾರು 3 ಕೆ.ಜಿ. ತರೋದಕ್ಕೆ ಹೊರಟಿದ್ದೇವೆ. ಯಾಕೆ? "ದೇಶದ ಹೆಮ್ಮೆ" ಅನ್ನೋ ಉತ್ತರ ಬೇಡ. ದುಡ್ಡು ಎಲ್ಲಿ ಹೋಗುತ್ತೆ, ಏನು ಕೈಗೆ ಬರುತ್ತೆ, ಗೊತ್ತಿರೋರು ಬಿಡಿಸಿ ಹೇಳಿ.

ಚುಕ್ಕಿಚಂದ್ರಮ
ಬಡ ದೇಶಕ್ಕೆ ಇದೆಲ್ಲ ಬೇಕಾ ಅನ್ನೋ ಹಳೇ ರಾಗ ಮತ್ತೆ ಶುರು 🙄 ಇಡೀ ಚಂದ್ರಯಾನಕ್ಕೆ ಬಜೆಟ್‌ನ 0.26% ಅಷ್ಟೇ.

ಲೆಕ್ಕಪತ್ರ
@ಚುಕ್ಕಿಚಂದ್ರಮ ತಪ್ಪು. 0.26% ಅನ್ನೋದು ಇಡೀ ಬಾಹ್ಯಾಕಾಶ ಇಲಾಖೆಯ ಪಾಲು. 2025-26ರ ಅಂದಾಜಿನಲ್ಲಿ ಇಲಾಖೆಗೆ 13,416 ಕೋಟಿ, ಕೇಂದ್ರದ ಒಟ್ಟು ಬಜೆಟ್ 50.65 ಲಕ್ಷ ಕೋಟಿ. ತಲಾ ಲೆಕ್ಕ ಹಾಕಿದರೆ ವರ್ಷಕ್ಕೆ ನೂರು ರೂಪಾಯಿಗೂ ಕಡಿಮೆ. ಅದರಲ್ಲಿ ಸಂಬಳ, ಶ್ರೀಹರಿಕೋಟಾ, ತಿರುವನಂತಪುರ, ಹಾಸನದ ನಿಯಂತ್ರಣ ಕೇಂದ್ರ, ಸಂವಹನ ಉಪಗ್ರಹ ಎಲ್ಲಾ ಸೇರಿದೆ. ಚಂದ್ರಯಾನ-4ರ 2,104 ಕೋಟಿ ಒಂದೇ ವರ್ಷದ್ದಲ್ಲ, ಹಲವು ವರ್ಷಕ್ಕೆ ಹಂಚಿಹೋಗುವಂಥದ್ದು.

ಹೋಲಿಕೆಗೆ ಬೇಕಾದರೆ: ಅದೇ ವರ್ಷ ನರೇಗಾಕ್ಕೆ 86,000 ಕೋಟಿ, ರಸಗೊಬ್ಬರದ ಸಬ್ಸಿಡಿ 1.6 ಲಕ್ಷ ಕೋಟಿ ದಾಟಿದೆ. ಆದರೆ "ಸಣ್ಣ ಮೊತ್ತ, ಆದ್ದರಿಂದ ಸರಿ" ಅನ್ನೋದೂ ವಾದವಲ್ಲ. ಸಣ್ಣ ಮೊತ್ತವನ್ನೂ ಹಾಳು ಮಾಡಬಹುದು.

ಚುಕ್ಕಿಚಂದ್ರಮ
ಸರಿ ಸಾರ್, ಇಲಾಖೆ ಅಂತಲೇ ಇಟ್ಕೊಳ್ಳಿ. ಅದೂ ಅಲ್ಲದೆ ಇಸ್ರೋ ವಿದೇಶಿ ಉಪಗ್ರಹ ಹಾರಿಸಿ ತನ್ನ ಖರ್ಚು ತಾನೇ ದುಡಿಯುತ್ತೆ.

ಲೆಕ್ಕಪತ್ರ
ಅದೂ ಇಲ್ಲ. 2015ರಿಂದ 2024ರವರೆಗೆ 393 ವಿದೇಶಿ ಉಪಗ್ರಹ ಹಾರಿಸಿ ಬಂದದ್ದು ಸುಮಾರು 14.3 ಕೋಟಿ ಡಾಲರ್ ಮತ್ತು 27.2 ಕೋಟಿ ಯೂರೋ ಅಂತ ಸರ್ಕಾರವೇ ಹೇಳಿದೆ. ಹತ್ತು ವರ್ಷದ ಆ ಗಳಿಕೆ ಒಂದು ವರ್ಷದ ಅನುದಾನದ ಮೂರನೇ ಒಂದು ಭಾಗವೂ ಆಗಲ್ಲ. ಉಡಾವಣೆ ಮಾರಿ ಮನೆ ನಡೆಸೋ ಸಂಸ್ಥೆ ಅಲ್ಲ ಅದು, ಆಗಬೇಕಾಗಿಯೂ ಇಲ್ಲ.

ಬಂದರುಬೀದಿ
ಅರಳೀಕಟ್ಟೆಯವರೇ, ನೀವು ಗೆರೆ ಎಳೆದದ್ದು ಸರಿಯಾಗಿ ಉಂಟು, ಆದ್ರೆ ಉಪಯೋಗದ ಕಡೆಯೂ ಎಲ್ಲ ಬೆಲ್ಲ ಅಲ್ಲ ಮಾರಾಯ್ರೆ. ಮೀನು ಸಿಗುವ ಜಾಗದ ಮುನ್ಸೂಚನೆ ಗೊತ್ತಲ್ಲ? ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ, ಇನ್‌ಕಾಯ್ಸ್, ಕೊಡ್ತದೆ, ಕನ್ನಡದಲ್ಲೂ ಬರ್ತದೆ. ಸಮುದ್ರದ ಮೇಲ್ಮೈ ಶಾಖ ಒಂದು, ನೀರಿನ ಹಸಿರು, ಅಂದರೆ ಕ್ಲೋರೊಫಿಲ್, ಇನ್ನೊಂದು. ಎರಡೂ ಸಟ್ಟಂತ ಬದಲಾಗುವ ಅಂಚಿನಲ್ಲಿ ಸಣ್ಣ ಜೀವಿ ಸೇರ್ತವೆ, ಅದರ ಹಿಂದೆ ಬಂಗುಡೆ, ಬೂತಾಯಿ. ಸುಮ್ಮನೆ ಹುಡುಕಿಕೊಂಡು ಹೋಗುವ ಡೀಸೆಲ್ ಉಳೀತದೆ.

ಸಮಸ್ಯೆ ಎಂತ ಅಂದ್ರೆ ಮೋಡ. ಶಾಖ ಅಳೆಯುವ ಅತಿಗೆಂಪು ಕಣ್ಣಿಗೂ ಬಣ್ಣ ನೋಡುವ ಕಣ್ಣಿಗೂ ಮೋಡದ ಆಚೆ ಏನೂ ಕಾಣುದಿಲ್ಲ. ಜೂನ್-ಜುಲೈ ಹೇಗೂ 61 ದಿನ ಮೀನುಗಾರಿಕೆ ನಿಷೇಧ. ಆಗಸ್ಟ್‌ನಲ್ಲಿ ದೋಣಿ ಇಳಿಯುವಾಗ ಇನ್ನೂ ಮೋಡ ಇದ್ದರೆ ನಕ್ಷೆಯಲ್ಲಿ ಖಾಲಿ ಜಾಗ. ಋತುವಿನ ಮೊದಲ ವಾರಗಳಲ್ಲೇ ಮಾಹಿತಿ ಇಲ್ಲ!

ಮೂರನೇಹಂತ
@ಬಂದರುಬೀದಿ ಮೋಡದ ಮಾತು ಬಂತಲ್ಲ, ಅಲ್ಲೇ ನನ್ನ ಸಿಟ್ಟು. ಮೋಡ ದಾಟಿ ನೆಲ ನೋಡೋದು ರೇಡಾರ್ ಉಪಗ್ರಹ. ಅಂಥದ್ದೊಂದು, ಇಒಎಸ್-09, 2025ರ ಮೇ 18ರಂದು ಪಿಎಸ್‌ಎಲ್‌ವಿ-ಸಿ61 ರಾಕೆಟ್ ಜೊತೆ ಸಮುದ್ರ ಸೇರಿತು. ಮೂರನೇ ಹಂತದ ಘನ ಇಂಧನದ ಮೋಟಾರಿನಲ್ಲಿ ಒತ್ತಡ ಕುಸಿಯಿತು ಅಂತ ಅಂದೇ ಹೇಳಿದರು. ವೈಫಲ್ಯ ಸಮಿತಿ ವರದಿ ಕೊಟ್ಟಿತು. ಆ ವರದಿ ಮಾತ್ರ ಸಾರ್ವಜನಿಕರ ಕಣ್ಣಿಗೆ ಬಿದ್ದಿಲ್ಲ.

ಮೊದಲು ಹೀಗಿರಲಿಲ್ಲ. 2021ರ ಆಗಸ್ಟ್‌ನಲ್ಲಿ ಜಿಎಸ್‌ಎಲ್‌ವಿ-ಎಫ್10 ಬಿದ್ದಾಗ ಕಾರಣವನ್ನು ಬಿಡಿಸಿ ಹೇಳಿದ್ದರು: ದ್ರವ ಹೈಡ್ರೋಜನ್ ಟ್ಯಾಂಕಿನ ಒತ್ತಡ ಬಿಡೋ ವಾಲ್ವ್ ಸೋರಿತು, ಟ್ಯಾಂಕಿನೊಳಗೆ ಒತ್ತಡ ಸಾಕಾಗಲಿಲ್ಲ, ಇಂಧನ ನೂಕೋ ಬೂಸ್ಟರ್ ಪಂಪು ಕೈಕೊಟ್ಟಿತು, ಎಂಜಿನ್ ಹೊತ್ತಲಿಲ್ಲ. ಸಣ್ಣ ರಾಕೆಟ್ ಎಸ್‌ಎಸ್‌ಎಲ್‌ವಿಯ ಮೊದಲ ಹಾರಾಟದ್ದೂ ಅಷ್ಟೇ. ಎರಡನೇ ಹಂತ ಕಳಚುವಾಗಿನ ಅದುರಿಗೆ ವೇಗವರ್ಧಕ ಮಾಪಕಗಳು ಮಿತಿ ಮೀರಿ ತೋರಿಸಿದವು, ತಂತ್ರಾಂಶ "ಮಾಪಕ ಕೆಟ್ಟಿದೆ" ಅಂದುಕೊಂಡು ತುರ್ತು ದಾರಿಗೆ ಹೊರಳಿತು, 356 ಕಿ.ಮೀ. ವೃತ್ತದ ಬದಲು 356×76 ಕಿ.ಮೀ. ಕಕ್ಷೆ ಸಿಕ್ಕಿತು. ತಿದ್ದಿದರು, ಮುಂದಿನದು ಸರಿಯಾಗಿ ಹಾರಿತು. ಸಾರ್ವಜನಿಕ ದುಡ್ಡು ಅಂದಮೇಲೆ ಸೋತದ್ದನ್ನೂ ಸಾರ್ವಜನಿಕರ ಮುಂದಿಡಿ. ನನ್ನ ಮಟ್ಟಿಗೆ ಅನುದಾನಕ್ಕೆ ಹಾಕಬೇಕಾದ ಮೊದಲ ಷರತ್ತು ಅದೇ.

ಗಂಡುಮೆಟ್ಟು
ಬರೋಬರಿ ಹೇಳಿದ್ರಿ. ಗೆದ್ದಾಗ ಟೀವ್ಯಾಗ ನೇರ ಪ್ರಸಾರ, ಸೋತಾಗ ಕಡತ ಕಪಾಟಿನ್ಯಾಗ.

ನಿಶಾಚರಿ
ಮೂಲ ಪ್ರಶ್ನೆಗೆ ಬರ್ತೀನಿ. ಚಂದ್ರಯಾನ-4 ಅಂದ್ರೆ ಬರೀ 3 ಕೆ.ಜಿ. ಮಣ್ಣಲ್ಲ, ಆ ಮಣ್ಣು ತರೋ ದಾರಿಯಲ್ಲಿ ಕಲಿಯಬೇಕಾದ ಕೆಲಸಗಳ ಸಾಲು.

ನೌಕೆಯಲ್ಲಿ ಐದು ಭಾಗ, ಒಟ್ಟು ತೂಕ ಸುಮಾರು 9,200 ಕೆ.ಜಿ. ನಮ್ಮ ಎಲ್‌ವಿಎಂ3 ರಾಕೆಟ್ ದೀರ್ಘವೃತ್ತದ ವರ್ಗಾವಣೆ ಕಕ್ಷೆಗೆ ಹೊರೋದು ಸುಮಾರು 4 ಟನ್. ಹಾಗಾಗಿ ಎರಡು ಉಡಾವಣೆ, ಭೂಮಿಯ ಸುತ್ತಲೇ ಎರಡು ಗಂಟುಗಳನ್ನು ಜೋಡಿಸಬೇಕು. ಅಲ್ಲಿಂದ ಚಂದ್ರನ ಕಕ್ಷೆ. ಇಳಿಯೋ ಭಾಗ ಏರೋ ಭಾಗವನ್ನು ಹೊತ್ತು ಕೆಳಗೆ ಹೋಗುತ್ತೆ. ತೋಳು ಮೇಲ್ಮಣ್ಣು ಕೆರೆಯುತ್ತೆ, ಡ್ರಿಲ್ ಒಳಗಿನದು ತೆಗೆಯುತ್ತೆ, ಡಬ್ಬಿ ಬಿಗಿಯಾಗಿ ಮುಚ್ಚಬೇಕು. ಚಂದ್ರನ ದೂಳು ಗಾಜಿನ ಚೂರಿನಂತೆ ಮೊನಚು, ಅಂಚಿನ ರಬ್ಬರಿನ ಮೇಲೆ ಕೂತರೆ ಮುಚ್ಚಳ ಸೋರುತ್ತೆ. ಏರೋ ಭಾಗ ಚಂದ್ರನಿಂದ ಹಾರಿ ಮೇಲೆ ಕಾಯ್ತಿರೋ ನೌಕೆಗೆ ಮತ್ತೆ ಜೋಡಣೆ. ಡಬ್ಬಿ ಅಲ್ಲಿಂದ ಭೂಮಿಗೆ ಇಳಿಯೋ ಗೂಡಿಗೆ. ಆ ಗೂಡು ವಾತಾವರಣಕ್ಕೆ ನುಗ್ಗೋ ವೇಗ ಸೆಕೆಂಡಿಗೆ ಸುಮಾರು 11 ಕಿ.ಮೀ. ಗಗನಯಾನದಂಥ ಕೆಳ ಕಕ್ಷೆಯಿಂದ ಮರಳುವಾಗ ಸುಮಾರು 7.8. ವೇಗದ ಜೊತೆ ಶಾಖ ಅದಕ್ಕಿಂತ ಎಷ್ಟೋ ಜೋರಾಗಿ ಏರುತ್ತೆ, ಶಾಖಕವಚವೇ ಬೇರೆ ಬೇಕು.

ಜೋಡಣೆಯ ಮೊದಲ ಪಾಠ ಸ್ಪೇಡೆಕ್ಸ್‌ನಲ್ಲಿ ಆಯ್ತು. ತಲಾ 220 ಕೆ.ಜಿ.ಯ ಎರಡು ಉಪಗ್ರಹ, 2024ರ ಡಿಸೆಂಬರ್ 30ಕ್ಕೆ ಹಾರಿದ್ದು, ಎರಡು ಸಲ ಮುಂದೂಡಿ ಜನವರಿ 16ಕ್ಕೆ ಕೂಡಿದ್ದು. ಇದೇ ವಿದ್ಯೆ ನಾಳೆ ಕೆಟ್ಟ ಉಪಗ್ರಹದ ರಿಪೇರಿಗೆ, ಇಂಧನ ತುಂಬೋದಕ್ಕೆ, ಅಂತರಿಕ್ಷ ನಿಲ್ದಾಣಕ್ಕೆ ಬೇಕು.

ಅರಳೀಕಟ್ಟೆ
@ನಿಶಾಚರಿ ಇದು ಉಪಯೋಗದ ಉತ್ತರ, ಥ್ಯಾಂಕ್ಸ್. ಆದರೆ ಜೋಡಣೆ ಕಲಿಯೋಕೆ ಚಂದ್ರನವರೆಗೆ ಹೋಗಬೇಕಾ? ಭೂಮಿಯ ಸುತ್ತಲೇ ಹತ್ತು ಸ್ಪೇಡೆಕ್ಸ್ ಮಾಡಬಹುದಲ್ಲ?

ನಿಶಾಚರಿ
ಭೂಮಿಯ ಸುತ್ತ ಇರುವಾಗ ತಪ್ಪಾದರೆ ನೆಲದಿಂದ ಆದೇಶ ಕಳಿಸಿ ಹಿಂದೆ ಸರಿಸಬಹುದು, ಸ್ಪೇಡೆಕ್ಸ್‌ನಲ್ಲಿ ಮಾಡಿದ್ದೂ ಅದನ್ನೇ. ಚಂದ್ರನಿಗೆ ಸಂಕೇತ ಹೋಗಿ ಬರೋಕೆ ಎರಡೂವರೆ ಸೆಕೆಂಡಿನಷ್ಟು ಬೇಕು, ಮರೆಯಾದಾಗ ಸಂಪರ್ಕವೇ ಇರಲ್ಲ. ನೌಕೆ ತಾನೇ ನಿರ್ಧಾರ ತಗೋಬೇಕು. ಕಷ್ಟ ಅಲ್ಲಿದೆ. ಚಂದ್ರಯಾನ-2ರಲ್ಲಿ ಎಡವಿದ್ದೂ ಅಲ್ಲೇ.

ಹತ್ತುಸಮಸ್ತರು
ಚಂದ್ರಯಾನ-2 ತಂತ್ರಾಂಶದ ತಪ್ಪು ಅಂತ ಎಲ್ಲೋ ಓದಿದ ನೆನಪು. ನಿಜವಾಗಿ ಏನಾಯ್ತು?

ನಿಶಾಚರಿ
ಬರೀ ತಂತ್ರಾಂಶ ಅನ್ನೋಕಾಗಲ್ಲ. ಇಸ್ರೋದ ಆಗಿನ ಅಧ್ಯಕ್ಷ ಸೋಮನಾಥ್ 2023ರಲ್ಲಿ ವಿವರಿಸಿದ್ದು ಹೀಗೆ. ವೇಗ ಇಳಿಸೋ ಐದು ಎಂಜಿನ್‌ಗಳು ಲೆಕ್ಕಕ್ಕಿಂತ ಹೆಚ್ಚು ನೂಕಿದವು. ಕ್ಯಾಮೆರಾ ಚಿತ್ರ ತೆಗೀಲಿ ಅಂತ ನೌಕೆ ಅಲುಗದೆ ಸಾಗಬೇಕಾದ ಹೊತ್ತಲ್ಲಿ ಆ ವ್ಯತ್ಯಾಸ ತಿದ್ದಲಿಲ್ಲ, ಒಂದರ ಮೇಲೊಂದು ಕೂಡುತ್ತಾ ಹೋಯ್ತು. ಆಮೇಲೆ ತಿದ್ದೋಕೆ ಹೊರಟಾಗ ಜೋರಾಗಿ ತಿರುಗಬೇಕಾಯ್ತು, ತಿರುಗೋ ವೇಗಕ್ಕೆ ತಂತ್ರಾಂಶದಲ್ಲಿ ಮಿತಿ ಇತ್ತು. ಇಳಿಯೋ ಜಾಗ ಬೇರೆ ಬರೀ 500×500 ಮೀಟರ್. ಅಲ್ಲಿಗೆ ತಲುಪಲೇಬೇಕು ಅಂತ ವೇಗ ಹೆಚ್ಚಿಸ್ತು, ನೆಲ ಹತ್ತಿರ ಬಂದಿತ್ತು.

ಚಂದ್ರಯಾನ-3ರಲ್ಲಿ ನಡುವಿನ ಎಂಜಿನ್ ಕಿತ್ತು ನಾಲ್ಕೇ ಇಟ್ಟರು. ಜಾಗ 4×2.4 ಕಿ.ಮೀ.ಗೆ ಹಿಗ್ಗಿಸಿದರು. ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಇಳಿದರೂ ಮುರಿಯದ ಕಾಲು, ಹೆಚ್ಚು ಇಂಧನ, ಹೆಚ್ಚು ಸೌರಫಲಕ, ನೆಲಕ್ಕೆ ಹೋಲಿಸಿ ವೇಗ ಅಳೆಯೋ ಲೇಸರ್ ಡಾಪ್ಲರ್ ಮಾಪಕ. ಸೋಲೋ ಎಲ್ಲ ಬಗೆ ಮೊದಲೇ ಪಟ್ಟಿ ಮಾಡಿ ಅದಕ್ಕೆ ತಕ್ಕಂತೆ ಕಟ್ಟಿದ ನೌಕೆ ಅದು.

ಕುರುಚಲುಕಾಡು
ಆ ಮಾಪಕ, ಕ್ಯಾಮೆರಾ ಪರೀಕ್ಷೆ ಮಾಡೋಕೆ ಚಳ್ಳಕೆರೆ ಹತ್ರ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಕುಳಿ ಥರ ಗುಂಡಿ ತೋಡಿದ್ದರು. ಮರುಬಳಕೆ ರಾಕೆಟ್‌ನ ಇಳಿಯೋ ಪರೀಕ್ಷೆಯೂ ಚಳ್ಳಕೆರೆ ಹತ್ತಿರದ ರನ್‌ವೇ ಮೇಲೇ ಆಗಿದ್ದು: ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟಿದ್ದು, 2023ರಲ್ಲಿ ಒಂದು, 2024ರಲ್ಲಿ ಎರಡು.

ಇಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದ ಖರ್ಚು ಒಂದಿದೆ. ಡಿಆರ್‌ಡಿಒ, ಬಾರ್ಕ್, ಐಐಎಸ್ಸಿ, ಇಸ್ರೋ ಎಲ್ಲರಿಗೂ ಸೇರಿ ಹಂಚಿದ್ದು ಸುಮಾರು ಹತ್ತು ಸಾವಿರ ಎಕರೆ ಅಮೃತಮಹಲ್ ಕಾವಲು. ಕಡತದಲ್ಲಿ ಬರಡು ನೆಲ ಅಂತ ಕಂಡರೂ ಅದು ಹುಲ್ಲುಗಾವಲು. ಸುತ್ತಲ ಹಳ್ಳಿಗಳ ಕುರಿ, ದನ ಮೇಯುತ್ತಿದ್ದ ಜಾಗ, ಕಂಬಳಿ ನೇಯುವವರ ಬದುಕು ಅದರ ಮೇಲಿತ್ತು. ಹಸಿರು ನ್ಯಾಯಮಂಡಳಿವರೆಗೆ ಹೋದ ವ್ಯಾಜ್ಯ. 2,104 ಕೋಟಿಯಲ್ಲಿ ಆ ಹುಲ್ಲಿನ ಬೆಲೆ ಎಲ್ಲಿದೆ?

ಚುಕ್ಕಿಚಂದ್ರಮ
ಅದರಲ್ಲಿ ಇಸ್ರೋ ಪಾಲು ಸಣ್ಣದು ಅಲ್ವಾ?

ಕುರುಚಲುಕಾಡು
ಸಣ್ಣದೇ. ಬೇಲಿ ಹಾಕಿದಮೇಲೆ ಯಾರ ಬೇಲಿ ಅಂತ ಕುರಿ ಕೇಳಲ್ಲ.

ಗಂಡುಮೆಟ್ಟು
ಇಷ್ಟೆಲ್ಲಾ ತಕರಾರು ಯಾಕ್ರೀ, ಖಾಸಗಿಯವರಿಗೆ ಬಿಟ್ಟುಬಿಡ್ರಿ. ಬೆಂಗಳೂರಾಗ ಪಿಕ್ಸೆಲ್ ಐತಿ, ಬೆಲ್ಲಾಟ್ರಿಕ್ಸ್ ಐತಿ, ಹೈದರಾಬಾದಿನ್ಯಾಗ ಸ್ಕೈರೂಟ್ ಐತಿ. ಎಸ್‌ಎಸ್‌ಎಲ್‌ವಿ ತಂತ್ರಜ್ಞಾನನೂ 511 ಕೋಟಿಗೆ ಎಚ್‌ಎಎಲ್ ತಗೊಂಡೈತಿ.

ಮೂರನೇಹಂತ
ಎಚ್‌ಎಎಲ್ ಖಾಸಗಿ ಯಾವಾಗ ಆಯ್ತು ಅಣ್ಣಾ? 😄

ಗಂಡುಮೆಟ್ಟು
ಹರಾಜಿನ್ಯಾಗ ಗೆದ್ದು ತಗೊಂಡೈತಿ ಅಂದೆ. ಮಾತಿನ ದಾಟಿ ತಿಳ್ಕೋರಿ.

ಲೆಕ್ಕಪತ್ರ
ಖಾಸಗಿ ಅಂದಾಗ ಅಮೆರಿಕದ ಉದಾಹರಣೆ ನೋಡೋಣ, ಎರಡೂ ಮುಖ ಇದೆ. ಸರ್ಕಾರವೇ ಹಳೇ ರೀತಿ ಗುತ್ತಿಗೆ ಕೊಟ್ಟು ಕಟ್ಟಿಸಿದ ಎಸ್‌ಎಲ್‌ಎಸ್ ರಾಕೆಟ್ ಮತ್ತು ಒರಾಯನ್ ನೌಕೆಗೆ ಮೊದಲ ನಾಲ್ಕು ಹಾರಾಟಗಳಲ್ಲಿ ತಲಾ 410 ಕೋಟಿ ಡಾಲರ್ ಬೀಳುತ್ತೆ ಅಂತ ನಾಸಾದ ಸ್ವಂತ ತಪಾಸಣಾಧಿಕಾರಿಯೇ ಹೇಳಿದರು. ಮಂಗಳದ ಮಾದರಿ ತರೋ ಯೋಜನೆಯ ಅಂದಾಜು 1,100 ಕೋಟಿ ಡಾಲರ್ ಮುಟ್ಟಿದಾಗ ನಾಸಾವೇ ಇದು ತೀರಾ ದುಬಾರಿ ಅಂದಿತು.

ಇನ್ನೊಂದು ಕಡೆ, ನಿಗದಿತ ದರಕ್ಕೆ ಖಾಸಗಿ ಲ್ಯಾಂಡರ್‌ಗಳಲ್ಲಿ ಉಪಕರಣ ಕಳಿಸೋ ಪದ್ಧತಿ. 2024ರ ಜನವರಿಯಲ್ಲಿ ಪೆರೆಗ್ರಿನ್‌ನ ಒಂದು ವಾಲ್ವ್ ಮುಚ್ಚಿಕೊಳ್ಳದೆ ಟ್ಯಾಂಕ್ ಒಡೆದು ಚಂದ್ರನನ್ನೇ ಮುಟ್ಟಲಿಲ್ಲ. ಫೆಬ್ರವರಿಯಲ್ಲಿ ಒಡಿಸ್ಸಿಯಸ್ ಇಳಿದು ವಾಲಿತು. ಮರುವರ್ಷ ಅದೇ ಕಂಪನಿಯ ಇನ್ನೊಂದೂ ಅಡ್ಡ ಬಿತ್ತು. ಅದೇ 2025ರ ಮಾರ್ಚ್‌ನಲ್ಲಿ ಬ್ಲೂ ಗೋಸ್ಟ್ ನೆಟ್ಟಗೆ ಇಳಿಯಿತು. ಅಗ್ಗ, ಆದರೆ ಸೋಲೋದು ಹೆಚ್ಚು. ಮುಖ್ಯ ವಿಷಯ: ಇವೆಲ್ಲದರಲ್ಲೂ ದೊಡ್ಡ ಗಿರಾಕಿ ನಾಸಾವೇ. ಚಂದ್ರನ ಮಣ್ಣಿನ ತಾಪಮಾನ ಅಳೆಯೋಕೆ ಯಾವ ಷೇರುದಾರನೂ ಜೇಬಿನಿಂದ ದುಡ್ಡು ಹಾಕಲ್ಲ. ಪಿಕ್ಸೆಲ್ ಕಂಪನಿ ಉಪಗ್ರಹ ಚಿತ್ರ ಮಾರುತ್ತೆ, ಕೊಳ್ಳೋರಿದ್ದಾರೆ. ಅದು ಸರಿಯಾದ ಖಾಸಗಿ ಕೆಲಸ.

ತೋಟದಮನೆ
ಗ್ಯಾರಂಟಿ ಯೋಜನೆಗೆ ರಾಜ್ಯದಲ್ಲೇ 50 ಸಾವಿರ ಕೋಟಿಗೂ ಹೆಚ್ಚು ಹೋಗುತ್ತೆ, ಅದನ್ನ ಕೇಳೋರಿಲ್ಲ, ಚಂದ್ರಯಾನಕ್ಕೆ ಮಾತ್ರ

ಗಂಡುಮೆಟ್ಟು
ಅದು ಹೆಣ್ಣುಮಕ್ಕಳ ಕೈಗೆ ನೇರ ಹೋಗತೈತ್ರಿ, ಅದರ ಜೋಡಿ ಹೋಲಿಸಬ್ಯಾಡ್ರಿ

ನಿರ್ವಾಹಕ
ಗ್ಯಾರಂಟಿ ಚರ್ಚೆಗೆ ಬೇರೆ ಎಳೆ ಇದೆ. ಇಲ್ಲಿ ಇಬ್ಬರೂ ನಿಲ್ಲಿಸಿ. ಮುಂದಿನ ಅಂಥ ಉತ್ತರ ಅಳಿಸಲಾಗುವುದು.

ತೋಟದಮನೆ
ಸರಿ. ವಿಷಯಕ್ಕೇ ಕೇಳ್ತೀನಿ. ರೈತನಿಗೆ ಉಪಗ್ರಹದಿಂದ ಏನು ಸಿಕ್ಕಿದೆ? ಬೆಳೆ ಸಮೀಕ್ಷೆಗೆ ಇವತ್ತಿಗೂ ಹೊಲದಲ್ಲಿ ನಿಂತು ಮೊಬೈಲಲ್ಲಿ ಫೋಟೊ ತೆಗೆದು ಹಾಕಬೇಕು.

ಲೆಕ್ಕಪತ್ರ
ಸಣ್ಣ ಹಿಡುವಳಿಗೆ ಅದು ಬೇಕೇ ಬೇಕು. ಒಂದೆಕರೆಯಲ್ಲಿ ಅಡಿಕೆ, ಮಧ್ಯೆ ಬಾಳೆ, ಬುಡದಲ್ಲಿ ಕಾಳುಮೆಣಸು ಇದ್ದರೆ ಮೇಲಿನಿಂದ ಕಾಣೋದು ಅಡಿಕೆ ತಲೆ ಮಾತ್ರ. ಭತ್ತ, ಗೋಧಿಯಂಥ ಒಂದೇ ಬೆಳೆಯ ಬಯಲಿನಲ್ಲಿ ಉಪಗ್ರಹದ ಅಂದಾಜು ಚೆನ್ನಾಗಿ ಕೂರುತ್ತೆ. ಅದಕ್ಕೇ ಬೆಳೆ ವಿಮೆಯ ಇಳುವರಿ ಲೆಕ್ಕದಲ್ಲಿ 2023ರ ಮುಂಗಾರಿನಿಂದ ಮೊದಲು ಸೇರಿಸಿದ್ದು ಆ ಎರಡನ್ನೇ, ಅದಕ್ಕೂ 30% ತೂಕ ಮಾತ್ರ. ಉಳಿದದ್ದು ಬೆಳೆ ಕಟಾವು ಪ್ರಯೋಗದಿಂದ.

ಸರ್ವೆ ನಂಬರಿಗೆ ದಿಶಾಂಕ್ ಆ್ಯಪ್ ಬಳಸ್ತಾರಲ್ಲ, ಅದು ರಾಜ್ಯದ ದೂರ ಸಂವೇದಿ ಅನ್ವಯಿಕ ಕೇಂದ್ರದ್ದು. ಅದರಲ್ಲಿ ಕಾಣೋ ಗಡಿ ಹಳೇ ಗ್ರಾಮ ನಕ್ಷೆಯನ್ನು ಡಿಜಿಟಲ್ ಮಾಡಿ ಉಪಗ್ರಹ ಚಿತ್ರದ ಮೇಲೆ ಕೂರಿಸಿದ್ದು, ಕೆಲವು ಕಡೆ ಅನೇಕ ಮೀಟರ್ ಸರಿದಿರುತ್ತೆ. ಬೇಲಿ ಹಾಕೋಕೆ ಅದನ್ನೇ ನಂಬಬೇಡಿ, ಹದ್ದುಬಸ್ತಿಗೆ ಸರ್ವೇಯರೇ ಬರಬೇಕು.

ಬಂದರುಬೀದಿ
ನಾಸಾ-ಇಸ್ರೋ ಸೇರಿ ಮಾಡಿದ ರೇಡಾರ್ ಉಪಗ್ರಹ ನಿಸಾರ್ ಬಂದ ಮೇಲೆ ಮೋಡದ ಸಮಸ್ಯೆ ಸ್ವಲ್ಪ ಕಡಿಮೆ ಆಗ್ತದಲ್ಲ, ಕನಿಷ್ಠ ನೆಲದ ಮೇಲೆ?

ಮೂರನೇಹಂತ
ಹೌದು. 2025ರ ಜುಲೈ 30ಕ್ಕೆ ಹಾರಿತು. ನಾಸಾದ ಎಲ್ ಬ್ಯಾಂಡ್ ರೇಡಾರ್, ನಮ್ಮ ಎಸ್ ಬ್ಯಾಂಡ್ ರೇಡಾರ್, 12 ಮೀಟರ್ ಅಗಲದ ಬಿಚ್ಚಿಕೊಳ್ಳೋ ಪ್ರತಿಫಲಕ, 747 ಕಿ.ಮೀ. ಎತ್ತರ, 12 ದಿನಕ್ಕೊಮ್ಮೆ ಅದೇ ಜಾಗ. ಮಣ್ಣಿನ ತೇವ, ಸೆಂಟಿಮೀಟರ್ ಲೆಕ್ಕದ ನೆಲಕುಸಿತ ಸಿಗುತ್ತೆ. ಕೊಡಗಿನ ಇಳಿಜಾರು ನಿಧಾನಕ್ಕೆ ಜಾರ್ತಿದ್ದರೆ ಸಾಲು ಚಿತ್ರ ಹೋಲಿಸಿ ಹಿಡಿಯಬಹುದು. ಆದರೆ ದಟ್ಟ ಕಾಡಿದ್ದಲ್ಲಿ ಎರಡು ಚಿತ್ರಗಳ ಹೊಂದಾಣಿಕೆ ಕೆಡುತ್ತೆ, ಒಂದೇ ರಾತ್ರಿ ಸಿಡಿಯೋ ಕುಸಿತಕ್ಕೆ 12 ದಿನದ ಅಂತರ ಸಾಲದು. ಎಚ್ಚರಿಕೆ ಗಂಟೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ಪಾಲು 788 ಕೋಟಿ.

ಮತ್ತೆ ನಾವಿಕ್, ಅಂದ್ರೆ ಜಿಪಿಎಸ್ ಥರದ ನಮ್ಮದೇ ಉಪಗ್ರಹ ವ್ಯವಸ್ಥೆ, ಮರೀಬೇಡಿ. ಮೊದಲ ಪೀಳಿಗೆಯಲ್ಲಿ ಸ್ವಿಸ್ ಕಂಪನಿಯಿಂದ ತಂದ ರುಬಿಡಿಯಂ ಗಡಿಯಾರಗಳು ಕೆಟ್ಟವು, 1ಎ ಉಪಗ್ರಹದಲ್ಲಿ ಮೂರಕ್ಕೆ ಮೂರೂ. ಬದಲಿಗೆ ಕಳಿಸಿದ 1ಎಚ್ 2017ರಲ್ಲಿ ಶಾಖಕವಚ ತೆರೆಯದೆ ಒಳಗೇ ಸಿಕ್ಕಿಬಿತ್ತು. 2023ರ ಎನ್‌ವಿಎಸ್-01ರಲ್ಲಿ ನಮ್ಮದೇ ಗಡಿಯಾರ ಹೋಯ್ತು. ಶ್ರೀಹರಿಕೋಟಾದ ನೂರನೇ ಉಡಾವಣೆಯ ಎನ್‌ವಿಎಸ್-02ರಲ್ಲಿ ಆಕ್ಸಿಡೈಸರ್ ವಾಲ್ವ್ ತೆರೀಲಿಲ್ಲ, ಕಕ್ಷೆ ಏರಿಸೋಕೆ ಆಗಲಿಲ್ಲ. ದಿನನಿತ್ಯದ ಸೇವೆ ಹೀಗೆ ಕುಂಟುವಾಗ ಒಳ್ಳೊಳ್ಳೆ ಎಂಜಿನಿಯರ್‌ಗಳನ್ನು ಗಗನಯಾನಕ್ಕೆ ಎಳ್ಕೊಂಡ್ರೆ ಹೇಗೆ? ಕೊರತೆ ಬರೀ ದುಡ್ಡಿನದಲ್ಲ. ಪರೀಕ್ಷಾ ಕಟ್ಟೆ, ಉಡಾವಣೆಯ ಸರದಿ, ಪಳಗಿದ ಕೈ ಇವುಗಳದ್ದೂ ಇದೆ.

ನಿಶಾಚರಿ
ಇದನ್ನ ಒಪ್ತೀನಿ. ಅದಕ್ಕೇ ಅನ್ವೇಷಣೆ ಅಂತ ಒಂದೇ ಗಂಟು ಕಟ್ಟಬೇಡಿ ಅನ್ನೋದು. ಚಂದ್ರಯಾನ-1ಕ್ಕೆ 386 ಕೋಟಿ. ಎರಡು ವರ್ಷ ಅಂದುಕೊಂಡದ್ದು 2009ರ ಆಗಸ್ಟ್‌ನಲ್ಲೇ ಸಂಪರ್ಕ ಕಳಕೊಂಡಿತು, ಆದರೂ ಅದರಲ್ಲಿದ್ದ ನಾಸಾ ಉಪಕರಣ ಚಂದ್ರನ ಮೇಲೆ ನೀರಿನ ಗುರುತು ತೋರಿಸಿ ಎಲ್ಲರ ಯೋಜನೆ ಬದಲಾಯಿಸಿತು. ಸೂರ್ಯನನ್ನು ನೋಡೋ ಆದಿತ್ಯ-ಎಲ್1ರ ಮುಖ್ಯ ದೂರದರ್ಶಕವನ್ನು ಕಟ್ಟಿದ್ದು ಹೊಸಕೋಟೆಯ ಖಭೌತ ಸಂಸ್ಥೆಯ ಆವರಣದಲ್ಲಿ. ಇಂಥ ಸಣ್ಣ ವಿಜ್ಞಾನ ನೌಕೆಗಳಿಗೆ ಸರ್ಕಾರ ಕಣ್ಣುಮುಚ್ಚಿ ಕೊಡಲಿ. ಮನುಷ್ಯರನ್ನು ಕಳಿಸೋ 20,193 ಕೋಟಿಯದು ಬೇರೆಯದೇ ಚರ್ಚೆ.

ಅಗ್ಗ ಅನ್ನೋದನ್ನೂ ಅತಿಯಾಗಿ ಹೊಗಳಬೇಡಿ. ಮಂಗಳಯಾನ 450 ಕೋಟಿಗೆ ಆಯ್ತು ಅಂದ್ರೆ ಅದರಲ್ಲಿದ್ದ ಉಪಕರಣಗಳ ತೂಕ 15 ಕೆ.ಜಿ. ಮಾತ್ರ. ಅಷ್ಟು ತೂಕಕ್ಕೆ ಅಷ್ಟೇ ವಿಜ್ಞಾನ.

ಅರಳೀಕಟ್ಟೆ
ಗಗನಯಾನ ಸಮರ್ಥಿಸೋರು ಯಾರೂ ಇಲ್ವಾ?

ಪೀಣ್ಯಪಯಣ
ನಾನಿದ್ದೀನಿ. ಜೀವರಕ್ಷಕ ವ್ಯವಸ್ಥೆ ಹೊರಗಿನಿಂದ ಕೊಳ್ಳೋಣ ಅಂತ ಹೋದರು, ಯಾರೂ ಕೊಡಲಿಲ್ಲ. ತೊಂಬತ್ತರ ದಶಕದಲ್ಲಿ ಅಮೆರಿಕದ ಒತ್ತಡಕ್ಕೆ ರಷ್ಯಾ ಕ್ರಯೋಜೆನಿಕ್ (ಅತಿಶೀತ ಇಂಧನದ) ಎಂಜಿನ್ ತಂತ್ರಜ್ಞಾನ ಕೊಡೋದು ನಿಲ್ಲಿಸ್ತಲ್ಲ, ಅದೇ ಕಥೆ. ನಾವೇ ಮಾಡಿದ ಎಂಜಿನ್ 2010ರಲ್ಲಿ ಸೋತು, 2014ರ ಜನವರಿಯಲ್ಲಿ ಗೆದ್ದಿತು. ಇವತ್ತು ಆ ಎಂಜಿನ್ ಇರೋದಕ್ಕೇ ನಿಸಾರ್, ಇನ್‌ಸ್ಯಾಟ್-3ಡಿಎಸ್ ನಮ್ಮ ನೆಲದಿಂದ ಹಾರಿದ್ದು. ಬಿಟ್ಟು ಕೂತರೆ ಆಮೇಲೆ ದುಡ್ಡು ಕೊಟ್ಟರೂ ಸಿಗಲ್ಲ. 1975ರಲ್ಲಿ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ ಆರ್ಯಭಟದ ಪ್ರಯೋಗಗಳು ವಿದ್ಯುತ್ ಕೈಕೊಟ್ಟು ಕೆಲವೇ ದಿನಕ್ಕೆ ನಿಂತವು. ಬರೀ ಫಲಿತಾಂಶ ನೋಡಿದ್ದರೆ ಅಲ್ಲೇ ಬಾಗಿಲು ಹಾಕಬೇಕಿತ್ತು.

ಹತ್ತುಸಮಸ್ತರು
ಹಳೇ 2 ರೂಪಾಯಿ ನೋಟಿನ ಹಿಂದೆ ಆರ್ಯಭಟ ಇತ್ತು!

ಮೂರನೇಹಂತ
@ಪೀಣ್ಯಪಯಣ ಎಂಜಿನ್ ಮಾತು ಒಪ್ಪಿದೆ. ಆದರೆ ಗಗನಯಾನ 2022ಕ್ಕೆ ಅಂದದ್ದು ಈಗ 2027. ಗಡುವನ್ನ ಸ್ವಾತಂತ್ರ್ಯದ ವರ್ಷಾಚರಣೆಗೆ ಕಟ್ಟಿದ್ದೇ ತಪ್ಪು. ತುರ್ತಿನಲ್ಲಿ ಯಾತ್ರಿಗಳನ್ನು ಪಾರು ಮಾಡೋ ವ್ಯವಸ್ಥೆ, ಪ್ಯಾರಾಚೂಟ್ ಇವು ಸಂಖ್ಯೆಗಟ್ಟಲೆ ಪರೀಕ್ಷೆ ಕೇಳ್ತವೆ. 2023ರ ಅಕ್ಟೋಬರ್ 21ರ ಪರೀಕ್ಷೆ ಉಡಾವಣೆಗೆ 5 ಸೆಕೆಂಡ್ ಇರುವಾಗ ತಾನೇ ನಿಂತಿತು, ಕಾರಣ ಹುಡುಕಿ ಅದೇ ಬೆಳಿಗ್ಗೆ ಹಾರಿಸಿದರು. ನಿಂತದ್ದೇ ಒಳ್ಳೆ ಲಕ್ಷಣ. ತಡವಾದರೆ ಆಗಲಿ, ಆದರೆ ತಡ ಅಂತ ಒಪ್ಪಿಕೊಂಡು ಹೊಸ ಲೆಕ್ಕ ಸಂಸತ್ತಿನ ಮುಂದಿಡಲಿ.

ಹತ್ತುಸಮಸ್ತರು
ವಿಷಯಾಂತರಕ್ಕೆ ಕ್ಷಮೆ. ಚಂದ್ರಯಾನದ ಮಾಹಿತಿ ಸಾಮಾನ್ಯರಿಗೆ ಸಿಗುತ್ತಾ? ದುಡ್ಡು ನಮ್ಮದೇ ಅಂದಮೇಲೆ.

ನಿಶಾಚರಿ
ಸಿಗುತ್ತೆ. ಬ್ಯಾಲಾಳು ಕೇಂದ್ರದಲ್ಲಿರೋ ದತ್ತಾಂಶ ಭಂಡಾರದ "ಪ್ರದಾನ್" ತಾಣದಲ್ಲಿ ಇಮೇಲ್ ಕೊಟ್ಟು ನೋಂದಾಯಿಸಿ. ಚಂದ್ರಯಾನ-2 ಆರಿಸಿ, ಆಮೇಲೆ ಒಎಚ್‌ಆರ್‌ಸಿ ಕ್ಯಾಮೆರಾ. 100 ಕಿ.ಮೀ. ಎತ್ತರದಿಂದ ಒಂದು ಬಿಂದುವಿಗೆ ಸುಮಾರು 25 ಸೆಂ.ಮೀ. ಸ್ಪಷ್ಟತೆ. ಒಂದೊಂದು ಕಡತ ಜಿಬಿ ಲೆಕ್ಕದಲ್ಲಿರುತ್ತೆ, ಮೊಬೈಲ್ ಡೇಟಾದಲ್ಲಿ ಇಳಿಸಬೇಡಿ.

ಹತ್ತುಸಮಸ್ತರು
ಇಳಿಸಿದೆ. ಜಿಪ್ ಬಿಚ್ಚಿದರೆ .ಐಎಂಜಿ ಅಂತ ಬರುತ್ತೆ, ಫೋಟೊ ತೆರೆಯೋ ಯಾವುದರಲ್ಲೂ ತೆರೀತಿಲ್ಲ.

ನಿಶಾಚರಿ
ಅದನ್ನು ನೇರ ತೆರೀಬೇಡಿ. ಜೊತೆಗೆ ಅದೇ ಹೆಸರಿನ .ಎಕ್ಸ್‌ಎಂಎಲ್ ಕಡತ ಇರುತ್ತೆ, ಎರಡನ್ನೂ ಒಂದೇ ಫೋಲ್ಡರ್‌ನಲ್ಲಿಟ್ಟು ಕ್ಯೂಜಿಐಎಸ್ ಅನ್ನೋ ನಕ್ಷೆ ತಂತ್ರಾಂಶಕ್ಕೆ ಆ ಎಕ್ಸ್‌ಎಂಎಲ್ ಎಳೆದು ಹಾಕಿ. ಮೊದಲು ಪೂರ್ತಿ ಕಪ್ಪಾಗಿ ಕಂಡರೆ ಗಾಬರಿ ಬೇಡ, ಗುಣಲಕ್ಷಣಗಳಲ್ಲಿ ಕನಿಷ್ಠ-ಗರಿಷ್ಠ ಮೌಲ್ಯ ಹಿಗ್ಗಿಸಿದರೆ ಕುಳಿಗಳು ಕಾಣ್ತವೆ.